ಉಪ್ಪಿಗೊಂದು ಏಸಿ ರೂಮು

ಆಗ ನನಗೆ ಅರವತ್ತೊಂಬತ್ತು. ಈಗ್ಗೆ ನಾಲ್ಕು ವರ್ಷದ ಮಾತು. ಆ ವಯಸ್ಸಿನಲ್ಲಿ ನಾನು ಒಂದು ಉಪ್ಪಿನ ಗಟ್ಟಿಯನ್ನು ಕಂಡು ಹೊಟ್ಟೆಕಿಚ್ಚು ಪಟ್ಟೆ. ಸವತಿಯ ಮೇಲೆ ಪಟ್ಟಿದ್ದರೆ ನಾಲ್ಕು ಜನ ಅಯ್ಯೋ ಪಾಪ ಅನ್ನುತ್ತಿದ್ದರು. ಓರಗಿತ್ತಿಯ ಒಡವೆ ಮೇಲೆ ಪಟ್ಟಿದ್ದರೂ ಅರ್ಥವಿತ್ತು. ಉಪ್ಪಿನ ಮೇಲೆ ಅಂದರೆ ಯಾರ ಹತ್ತಿರ ಹೇಳಿಕೊಳ್ಳೋದು? ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ಉಪ್ಪು ನನ್ನ ತಮ್ಮ ಕಂಠಿಯದು. ಪೂರ್ತಿ ಹೆಸರು ಶ್ರೀಕಂಠ. ಒಂದು ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದು ರಿಟೈರಾದವನು. ಮದುವೆ ಮಾಡಿಕೊಳ್ಳಲಿಲ್ಲ. ಜಯನಗರದಲ್ಲಿ ಅಪ್ಪ ಕಟ್ಟಿಸಿದ ಮನೆಯಲ್ಲಿ ಅವನೊಬ್ಬನೇ ಇದ್ದ; ನಮ್ಮ ಯಜಮಾನರು ಹೋದ ಮೇಲೆ ನಾನೂ ಬಂದು ಸೇರಿಕೊಂಡೆ. ಅವನಿಗೆ ಬಿಸಿ ಊಟ ಸಿಕ್ಕಿತು, ನನಗೆ ಬೈಯೋಕೆ ಒಬ್ಬ ಮನುಷ್ಯ ಸಿಕ್ಕಿದ. ಇಬ್ಬರಿಗೂ ನಷ್ಟವಿಲ್ಲ.

ಮನೆ ದೊಡ್ಡದಲ್ಲ. ಕೆಳಗೆ ಒಂದು ಹಾಲು, ಅಡಿಗೆಮನೆ, ದೇವರ ಗೂಡು, ಬಚ್ಚಲು ಸೇರಿದ ಹಾಗೆ ಒಂದು ರೂಮು. ಮೇಲೆ ತಾರಸಿಗೆ ಅಂಟಿಕೊಂಡು ಒಂದು ಸಣ್ಣ ಬಚ್ಚಲು, ಎರಡು ರೂಮು. ಮೇಲಿನದರಲ್ಲಿ ಒಂದು ಅವನದು, ಒಂದು ನನ್ನದು. ಕೆಳಗಿನ ರೂಮು ಯಾರದು ಅಂತ ಕೇಳುತ್ತೀರಾ? ಕಲ್ಲುಗಳದು.

ನಾನು ಹುಟ್ಟಿದಾಗಿನಿಂದ ಕಲ್ಲು ನೋಡಿದವಳೇ. ರುಬ್ಬೋ ಕಲ್ಲು, ಬೀಸೋ ಕಲ್ಲು, ಒಗೆಯೋ ಕಲ್ಲು. ಅಕ್ಕಿಯಲ್ಲಿ ಬರೋ ಕಲ್ಲನ್ನಂತೂ ಮೊರ ಮೊರ ಆರಿಸಿ ಬೀದಿಗೆ ಎಸೆದಿದ್ದೇನೆ. ನಮ್ಮ ವಂಶದಲ್ಲಿ ಕಲ್ಲನ್ನು ಆರಿಸಿ ಮನೆಯೊಳಕ್ಕೆ ತಂದವನು ಕಂಠಿ ಒಬ್ಬನೇ.

ಶುರುವಾದದ್ದು ಒಂದು ಮದುವೆಯಿಂದ. ರಿಟೈರಾದ ಹೊಸದರಲ್ಲಿ ಸ್ನೇಹಿತನ ಮಗನ ಮದುವೆಗೆ ಅಂತ ಪುಣೆಗೆ ಹೋದ. ಆ ಕಡೆ ಬಾವಿ ತೋಡಿದರೆ, ರಸ್ತೆಗೆ ಬಂಡೆ ಒಡೆದರೆ, ಕಲ್ಲಿನ ಹೊಟ್ಟೆಯೊಳಗೆ ಹಸಿರು ಬಿಳಿ ಹರಳು ಗೊಂಚಲು ಗೊಂಚಲಾಗಿ ಸಿಗುತ್ತವಂತೆ. ಮದುವೆಗೆ ಹೋದವರು ತೆಂಗಿನಕಾಯಿ ಚೀಲ ಹಿಡಿದುಕೊಂಡು ಬರುತ್ತಾರೆ. ಇವನು ಎರಡು ಕೈಯಲ್ಲೂ ಕಲ್ಲು ಹಿಡಿದುಕೊಂಡು ಬಂದ. ನಿಜ ಹೇಳಬೇಕು, ಚೆನ್ನಾಗಿತ್ತು. ಎಳೇ ಸೌತೆಕಾಯಿ ಬಣ್ಣ, ಒಳಗೆ ದೀಪ ಹಚ್ಚಿಟ್ಟ ಹಾಗೆ ಹೊಳಪು. ಒಂದಿದ್ದರೆ ಸಾಕಿತ್ತು. ಷೋಕೇಸಿನಲ್ಲಿ ಇಟ್ಟು, ಬಂದವರಿಗೆ ತೋರಿಸಿ, ಕಾಫಿ ಕೊಟ್ಟು ಕಳಿಸಬಹುದಿತ್ತು.

ಆದರೆ ಈ ಚಟ ಹಾಗಲ್ಲ. ಹಸಿರು ಬಂದ ಮೇಲೆ ನೇರಳೆ ಬೇಕು. ನೇರಳೆ ಬಂದರೆ, ಬ್ರೆಜಿಲಿನ ನೇರಳೆ ಬೇರೆ, ಉರುಗ್ವೆಯ ನೇರಳೆ ಬೇರೆ. ಮೊರಾಕೋದಿಂದ ಕೆಂಪು ಬಂತು. ಕಾಂಗೋದಿಂದ ಕಡುಹಸಿರು ಬಂತು. ಸ್ಪೇನಿನಿಂದ ಚಿನ್ನದ ಬಣ್ಣದ ಚೌಕ ಬಂತು. ಯಾರೋ ಉಜ್ಜುಕಾಗದದಲ್ಲಿ ಉಜ್ಜಿ ಮಾಡಿದ ಹಾಗಿತ್ತು, ಭೂಮಿಯೊಳಗೇ ಹಾಗೇ ಹುಟ್ಟುತ್ತದಂತೆ. ನಮ್ಮ ಮನೆಯಲ್ಲಿ ಇವತ್ತಿನವರೆಗೆ ಯಾರೂ ಸಮುದ್ರ ದಾಟಿಲ್ಲ. ಕಂಠಿಗೆ ಪಾಸ್‌ಪೋರ್ಟೇ ಇಲ್ಲ. ಕಲ್ಲುಗಳು ಮಾತ್ರ ವಿಮಾನದಲ್ಲಿ, ಹತ್ತಿಯಲ್ಲಿ ಸುತ್ತಿಸಿಕೊಂಡು, ಬಾಣಂತಿ ಬಂದ ಹಾಗೆ ಬರುತ್ತಿದ್ದವು.

ಕೊರಿಯರ್‌ನವನು ಒಂದು ಸಲ ಕೇಳಿದ, "ಆಂಟಿ, ಇಷ್ಟು ಭಾರ ಇದೆಯಲ್ಲ, ಏನಿದೆ ಇದರಲ್ಲಿ?"

"ಕಲ್ಲು."

"ಕೋಪ ಮಾಡ್ಕೋಬೇಡಿ ಆಂಟಿ, ಸುಮ್ನೆ ಕೇಳ್ದೆ" ಅಂದು ಸಹಿ ಹಾಕಿಸಿಕೊಂಡು ಹೋದ.

ಈ ಕಲ್ಲಿನವರದ್ದು ಒಂದು ಗುಂಪೇ ಇದೆ. ಭಾನುವಾರ ಭಾನುವಾರ ನಮ್ಮ ಮನೆಯಲ್ಲಿ ಸೇರುತ್ತಿದ್ದರು. ಅದರಲ್ಲಿ ಮುಖ್ಯಸ್ಥರು ಜೇಪಿ ನಗರದ ನರಹರಿರಾಯರು, ಬ್ಯಾಂಕಿನಲ್ಲಿದ್ದು ರಿಟೈರಾದವರು. ಇವರೆಲ್ಲ ಕಲ್ಲು ನೋಡೋದು ಹೇಗೆ ಗೊತ್ತಾ? ಮೊದಲು ದೂರದಿಂದ. ಆಮೇಲೆ ದೀಪದ ಕೆಳಗೆ. ಆಮೇಲೆ ಕಣ್ಣಿಗೆ ಒಂದು ಗಾಜಿನ ಬಿಲ್ಲೆ ಸಿಕ್ಕಿಸಿಕೊಂಡು ಹಿಂದೆ ಮುಂದೆ, ಮೇಲೆ ಕೆಳಗೆ. ತುದಿ ಮುಕ್ಕಾಗಿದೆಯಾ, ಅಂಚು ಸವೆದಿದೆಯಾ, ಎಲ್ಲಾದರೂ ಅಂಟು ಹಾಕಿ ಕೂರಿಸಿದ್ದಾರಾ. ಕೂದಲೆಳೆಯಷ್ಟು ಮುಕ್ಕಿದ್ದರೂ "ಪೀಸ್ ಚೆನ್ನಾಗಿದೆ, ಆದರೆ..." ಅಂತ ಎಳೆಯುತ್ತಾರೆ. ಆ "ಆದರೆ" ನನಗೆ ಚೆನ್ನಾಗಿ ಗೊತ್ತು. ನನ್ನನ್ನು ನೋಡೋಕೆ ಬಂದ ಮೂರು ಗಂಡಿನ ಕಡೆಯವರೂ ಅದೇ "ಆದರೆ" ಅಂದು ಉಪ್ಪಿಟ್ಟು ತಿಂದು ಹೋದವರು. ಒಬ್ಬಾಕೆ ನನ್ನನ್ನು ಬಾಗಿಲಿಂದ ಕಿಟಕಿಯವರೆಗೆ ನಡೆಸಿ ನೋಡಿದಳು. ಕಲ್ಲಿಗೆ ಆ ಅವಮಾನವಿಲ್ಲ, ಅದನ್ನು ಯಾರೂ ನಡೆಸಿ ನೋಡಲ್ಲ.

ಇನ್ನೊಂದು ಅವರ ಶಾಸ್ತ್ರ: ಊರು ಗೊತ್ತಿಲ್ಲದ ಕಲ್ಲಿಗೆ ಬೆಲೆಯಿಲ್ಲ. ಎಷ್ಟೇ ಚಂದ ಇರಲಿ, ಯಾವ ದೇಶ, ಯಾವ ಗಣಿ ಅಂತ ಒಂದು ಚೀಟಿ ಜೊತೆಗಿರಬೇಕು. ಚೀಟಿ ಕಳೆದುಹೋಯಿತೋ, ಕಲ್ಲು ಅನಾಥ. ಜಾತಿ ಗೋತ್ರ ಎಲ್ಲ ಬಿಟ್ಟುಬಿಟ್ಟಿದ್ದೇವೆ ಅಂತ ಹೇಳಿಕೊಳ್ಳೋ ಜನ ಕಲ್ಲಿನ ಹತ್ತಿರ ಮಾತ್ರ ಗೋತ್ರ ಕೇಳುತ್ತಾರೆ.

ನರಹರಿರಾಯರಿಗೆ ಒಂದು ಸಲ ಮೂತ್ರಪಿಂಡದಲ್ಲಿ ಕಲ್ಲಾಯಿತು. ಮನುಷ್ಯ ನೆಲದ ಮೇಲೆ ಉರುಳಾಡಿಬಿಟ್ಟಿದ್ದರಂತೆ. ತೆಗೆದ ಮೇಲೆ ಡಾಕ್ಟರು ಅದನ್ನು ಒಂದು ಸೀಸೆಯಲ್ಲಿ ಹಾಕಿಕೊಟ್ಟರು. ಮುಂದಿನ ಭಾನುವಾರ ಸೀಸೆ ನಮ್ಮ ಮನೆಗೆ ಬಂತು. ನಾನು ಕಾಫಿ ತಟ್ಟೆ ಹಿಡಿದು ಹೋದರೆ, ಎಲ್ಲರೂ ಸರದಿಯ ಮೇಲೆ ಗಾಜಿನ ಬಿಲ್ಲೆಯಲ್ಲಿ ಅದನ್ನು ನೋಡುತ್ತಿದ್ದಾರೆ.

"ಇದೂ ಒಂದು ಖನಿಜವೇ ಅಕ್ಕ, ಇದಕ್ಕೂ ಹೆಸರಿದೆ" ಅಂತ ಕಂಠಿ ನನಗೆ ತಿಳಿಸಿ ಹೇಳಿದ.

"ಇದಕ್ಕೂ ಚೀಟಿ ಬರೆದಿದ್ದೀರಾ ರಾಯರೇ?" ಅಂದೆ.

"ಬರೆಯಬೇಕು ಅಂತಿದ್ದೀನಿ ಅಕ್ಕಾ. ಜೇಪಿ ನಗರ ಅಂತ ಬರೆಯೋದಾ, ಎಡಗಡೆ ಅಂತ ಬರೆಯೋದಾ ಅಂತ ನೋಡ್ತಿದ್ದೀನಿ."

ಅವರು ತಮಾಷೆಗೆ ಅಂದದ್ದಲ್ಲ. ನಾನು ಕಾಫಿ ಇಟ್ಟು ಬಂದೆ. ಆವತ್ತಿಂದ ಆ ಗುಂಪಿನವರಿಗೆ ಸ್ಟೀಲ್ ಲೋಟ ಬಿಟ್ಟು ಪೇಪರ್ ಲೋಟದಲ್ಲೇ ಕಾಫಿ.

ಕಲ್ಲುಗಳ ರೂಮಿನಲ್ಲಿ ಇನ್ನೊಂದು ಕಲ್ಲಿತ್ತು, ಚೀನಾದ್ದು, ದಾಸವಾಳದ ಕೆಂಪು ಅಂತೆ. ಅಂತೆ ಅಂತ ಯಾಕಂದೆ ಅಂದರೆ ನಾನು ಅದನ್ನು ಸರಿಯಾಗಿ ನೋಡಿಲ್ಲ. ಬೆಳಕು ಬಿದ್ದರೆ ಅದು ಹಳದಿ ಪುಡಿಯಾಗಿಬಿಡುತ್ತದಂತೆ. ಹಾಗಾಗಿ ಕಪ್ಪು ಬಟ್ಟೆ ಸುತ್ತಿ, ಡಬ್ಬಿಯೊಳಗೆ ಡಬ್ಬಿ ಇಟ್ಟು, ಗೋಷಾದಲ್ಲಿ ಇಟ್ಟಿದ್ದ. ನೋಡೋಕೆ ಅಂತ ತಂದದ್ದು, ನೋಡಿದರೆ ಹಾಳಾಗುತ್ತೆ. "ಹಾಗಾದರೆ ಡಬ್ಬಿಯಲ್ಲಿ ಅದು ಇದೆ ಅಂತ ನಿನಗೆ ಹೇಗೋ ಗೊತ್ತು?" ಅಂತ ಕೇಳಿದೆ. "ಗೊತ್ತು ಅಕ್ಕ" ಅಂದ. ದೇವರ ವಿಷಯದಲ್ಲಿ ಈ ಧೈರ್ಯ ಅವನಿಗೆ ಯಾವತ್ತೂ ಇರಲಿಲ್ಲ.

ಎದುರುಮನೆ ಮಹಡಿಯಲ್ಲಿ ಧಾರವಾಡದ ಹುಡುಗಿ ಶೈಲಾ ಬಾಡಿಗೆಗೆ ಇದ್ದಳು, ಯಾವುದೋ ಆಫೀಸಿನಲ್ಲಿ ಕೆಲಸ. ಕೈಗೆ ಕರೀ ಮಣಿ, ನೇರಳೆ ಮಣಿ ಕಟ್ಟಿಕೊಂಡು ಓಡಾಡುತ್ತಿದ್ದಳು. ಕೆಟ್ಟ ದೃಷ್ಟಿ ಹೀರಿಕೊಳ್ಳುತ್ತದಂತೆ. ನಮ್ಮ ಮನೆಯ ಸಂಪತ್ತಿನ ಸುದ್ದಿ ಹೇಗೋ ಅವಳ ಕಿವಿಗೆ ಬಿದ್ದು ಒಂದು ದಿನ ಬಂದಳು.

"ಅಂಕಲ್, ಪ್ರಮೋಷನ್ ಆಗಾಕ ಯಾವ ಕಲ್ಲು ಕಟ್ಕೋಬೇಕ್ರಿ?"

ಕಂಠಿಯ ಮುಖ ಕೆಂಪಾಯಿತು. "ಕಲ್ಲಿಗೆ ಅಂಥ ಶಕ್ತಿಯೆಲ್ಲ ಇಲ್ಲಮ್ಮ. ಅದೆಲ್ಲ ಮೂಢನಂಬಿಕೆ. ಇದು ಸೈನ್ಸ್."

"ಏನೂ ಮಾಡಂಗಿಲ್ಲ ಅಂದ್ರ ಇಷ್ಟೊಂದು ಯಾಕ ಇಟ್ಕೊಂಡೀರಿ?"

ಕಂಠಿ ಒಂದು ಗಂಟೆ ಪಾಠ ಮಾಡಿದ. ಹುಡುಗಿ ಆಕಳಿಸುತ್ತಾ ಕೇಳಿಸಿಕೊಂಡು ನನ್ನ ಹತ್ತಿರ ಚಕ್ಕುಲಿ ತಿಂದು ಹೋದಳು. ಅವಳ ಪ್ರಶ್ನೆಗೆ ಮಾತ್ರ ಉತ್ತರ ಸಿಗಲಿಲ್ಲ ಅಂತ ನನಗೆ ಆಗಲೇ ಅನ್ನಿಸಿತು.

ಈಗ ಉಪ್ಪಿಗೆ ಬರುತ್ತೇನೆ.

ಉಪ್ಪು ಪೋಲೆಂಡ್ ಅನ್ನೋ ದೇಶದ್ದು. ಅಲ್ಲಿ ನೆಲದಡಿ ಉಪ್ಪಿನ ಗಣಿ ಇದೆಯಂತೆ. ಒಂದು ಚೌಕಾಕಾರದ ಗಟ್ಟಿ, ನಮ್ಮ ಕಡೆ ಬೆಲ್ಲದ ಅಚ್ಚು ಬರುತ್ತಲ್ಲ, ಹೆಚ್ಚು ಕಡಿಮೆ ಅಷ್ಟು. ನೀರಿನ ಹಾಗೆ ತಿಳಿ, ಅಂಚು ಬ್ಲೇಡಿನ ಹಾಗೆ. ಕೋಟಿಗಟ್ಟಲೆ ವರ್ಷದ ಹಿಂದೆ ಯಾವುದೋ ಸಮುದ್ರ ಒಣಗಿ ಉಳಿದದ್ದಂತೆ. ಉಪ್ಪಿಗೋಸ್ಕರ ನಮ್ಮ ತಾತನ ಕಾಲದವರು ಜೈಲಿಗೆ ಹೋದರು. ನಮ್ಮ ತಮ್ಮ ಅದನ್ನು ಪರದೇಶದಿಂದ ತರಿಸಿಕೊಂಡ. ಅದು ಬಂದ ದಿನ ಅವನು ಊಟಕ್ಕೆ ಏಳಲಿಲ್ಲ. ಗುಂಪಿನವರೆಲ್ಲ ಬಂದು ನೋಡಿದರು. ನರಹರಿರಾಯರು ಗಾಜಿನ ಬಿಲ್ಲೆ ಹಾಕಿಕೊಂಡು ಬಹಳ ಹೊತ್ತು ನೋಡಿ, "ಆದರೆ" ಅನ್ನದೆ ಎದ್ದರು. ಅಷ್ಟು ದೊಡ್ಡ ಗೌರವ ಆ ರೂಮಿನಲ್ಲಿ ಇನ್ನೊಂದಕ್ಕೆ ಸಿಕ್ಕಿಲ್ಲ.

ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು ಅಂತ ನಮ್ಮಲ್ಲಿ ಶಾಸ್ತ್ರ. ಕಂಠಿಯ ಶಾಸ್ತ್ರದಲ್ಲಿ ಕೈಯಲ್ಲೇ ಮುಟ್ಟಬಾರದು, ಬೆವರು ತಾಗುತ್ತೆ. ಅದರ ಎದುರಿಗೆ ಸೀನಬಾರದು. ಒದ್ದೆ ಬಟ್ಟೆಯಲ್ಲಿ ರೂಮು ಒರೆಸಬಾರದು. ಮಳೆಗಾಲದ ಗಾಳಿಯೇ ಅದಕ್ಕೆ ಆಗಲ್ಲ, ತೇವ ಹೀರಿಕೊಂಡು ಬೆವರುತ್ತೆ, ಕರಗುತ್ತೆ. ಹಾಗಂತ ಕೆಳಗಿನ ರೂಮಿಗೆ ಏಸಿ ಹಾಕಿಸಿದ. ತಿಲಕ್ ನಗರದಿಂದ ಇಬ್ಬರು ಬಂದು ಗೋಡೆ ಕೊರೆದು ಕೂರಿಸಿಹೋದರು. "ಯಾರ ರೂಮು ಸಾರ್? ಅಮ್ಮೋರದಾ?" ಅಂತ ಅವರಲ್ಲೊಬ್ಬ ಕೇಳಿದ. ಕಂಠಿ ಸುಳ್ಳು ಹೇಳುವವನಲ್ಲ. "ಉಪ್ಪಿಗೆ" ಅಂದ. ಆ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನನ್ನ ಮುಖ ನೋಡಿ, ತಲೆ ಬಗ್ಗಿಸಿ ಕೆಲಸ ಮಾಡಿದರು.

"ನಮ್ಮ ಮನೆ ಉಪ್ಪಿನ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿಡು. ಹಪ್ಪಳ ಇಡಲ್ವಾ ಹಾಗೆ" ಅಂತ ಹೇಳಿ ನೋಡಿದೆ. ಅವನ ತಾಯಿಯನ್ನು ಬೈದವರನ್ನು ನೋಡಿದ ಹಾಗೆ ನೋಡಿದ. ಅವನ ತಾಯಿ ನನ್ನ ತಾಯಿಯೂ ಹೌದು, ಅದು ಬೇರೆ ಮಾತು.

ಆ ವರ್ಷವೇ ನನ್ನ ಮಂಡಿ ಕೈಕೊಟ್ಟಿತು. ಡಾಕ್ಟರು ಫೋಟೋ ತೆಗೆಸಿ, ಬೆಳಕಿಗೆ ಹಿಡಿದು ನೋಡಿ, ಮೂಳೆ ಮೂಳೆ ಉಜ್ಜುತ್ತಿದೆ ಅಂದರು. "ಮೆಟ್ಟಿಲು ಹತ್ತಬೇಡಿ ಅಮ್ಮ. ಹತ್ತುತ್ತಾ ಇದ್ದರೆ ಬೇಗ ಆಪರೇಷನ್ ಮಾಡಿಸಬೇಕಾಗುತ್ತೆ." ಆಪರೇಷನ್ ಅಂದರೆ ನನಗೆ ಭಯ. ಮರೆಮಾಚೋದೇನಿದೆ, ನಮ್ಮ ಯಜಮಾನರು ಆಪರೇಷನ್ನಿಗೆ ಅಂತ ಒಳಗೆ ಹೋದವರು ನಡೆದುಕೊಂಡು ಹೊರಗೆ ಬರಲಿಲ್ಲ. ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ಕಂಠಿ, ಕೆಳಗಿನ ರೂಮು ನನಗೆ ಬೇಕು."

"ಅದು ಹೇಗಾಗುತ್ತೆ ಅಕ್ಕ? ಉಪ್ಪಿದೆಯಲ್ಲ."

"ಉಪ್ಪು ಮೇಲೆ ಹೋಗಲಿ. ಏಸೀನೂ ಮೇಲಕ್ಕೆ ಹಾಕಿಸು."

"ಮೇಲಿನ ವೈರಿಂಗು ಅಪ್ಪನ ಕಾಲದ್ದು, ಏಸಿ ತಡೆಯಲ್ಲ. ಅಲ್ಲದೆ ಮಳೆಗಾಲದಲ್ಲಿ ನಿನ್ನ ರೂಮಿನ ಗೋಡೆ ಬೆವರುತ್ತೆ ನೋಡಿದ್ದೀಯಲ್ಲ. ಒಂದೇ ಮಳೆಗಾಲ, ಉಪ್ಪು ನೀರಾಗಿಬಿಡುತ್ತೆ."

"ಆ ಬೆವರೋ ಗೋಡೆ ಪಕ್ಕದಲ್ಲೇ ನಾನು ಮಲಗೋದು ಕಣೋ."

"ನೀನು ಕರಗಲ್ಲವಲ್ಲ ಅಕ್ಕ."

ಚುಚ್ಚೋಕೆ ಅಂದದ್ದಲ್ಲ. ಇಂಜಿನಿಯರು, ಇದ್ದ ವಿಷಯ ಇದ್ದ ಹಾಗೆ ಹೇಳಿದ. ಅದಕ್ಕೇ ಅದು ಹೆಚ್ಚು ಚುಚ್ಚಿತು. ಚುಚ್ಚಬೇಕು ಅಂತ ಅಂದಿದ್ದರೆ ತಿರುಗಿ ಎರಡು ಅಂದು ಸಮಾಧಾನ ಮಾಡಿಕೊಳ್ಳಬಹುದಿತ್ತು.

"ಹಾಲಿನಲ್ಲಿ ದಿವಾನ್ ಮೇಲೆ ಮಲಕ್ಕೋ" ಅಂದ. ಹಾಲಿನಲ್ಲಿ ಮಲಗೋಕೆ ನಾನೇನು ಮದುವೆಗೆ ಬಂದ ನೆಂಟಳೇ? ಬಚ್ಚಲಿಗೆ ಹೋಗಬೇಕಂದರೆ ಅದೇ ಉಪ್ಪಿನ ರೂಮು ದಾಟಬೇಕು, ಅದಕ್ಕೆ ಅವನು ರಾತ್ರಿ ಬೀಗ ಹಾಕುತ್ತಿದ್ದ. ಒಂದು ವಾರ ಯೋಚನೆ ಮಾಡಿ, ಅವನು ನನಗೋಸ್ಕರ ಒಂದು ಉಪಕಾರ ಮಾಡಿದ. ಮೆಟ್ಟಿಲ ಪಕ್ಕಕ್ಕೆ ಫಳಫಳ ಹೊಳೆಯೋ ಸ್ಟೀಲಿನ ಕಂಬಿ ಹಾಕಿಸಿದ. "ಹಿಡ್ಕೊಂಡು ನಿಧಾನವಾಗಿ ಹತ್ತು ಅಕ್ಕ." ಹತ್ತಿದೆ. ಒಂದೊಂದು ಮೆಟ್ಟಿಲಿಗೂ ಒಂದೊಂದು ಬೈಗುಳ ಅಂತ ಲೆಕ್ಕ ಇಟ್ಟುಕೊಂಡು ಹತ್ತಿದೆ. ಮೆಟ್ಟಿಲು ಮುಗಿಯೋ ಮೊದಲು ಬೈಗುಳ ಮುಗಿದುಹೋಗುತ್ತಿದ್ದವು, ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತಿತ್ತು.

ಯೋಚನೆ ಮಾಡಿದರೆ ನಗು ಬರುತ್ತೆ. ಮನೆಯಲ್ಲಿ ಎರಡು ಉಪ್ಪು. ಒಂದು ಅಡಿಗೆಮನೆ ಮೂಲೆಯಲ್ಲಿ ಪಿಂಗಾಣಿ ಜಾಡಿಯಲ್ಲಿ. ದಿನಾ ಸಾರಿಗೆ, ಹುಳಿಗೆ, ಉಪ್ಪಿನಕಾಯಿಗೆ ಹೋಗುತ್ತೆ, ನಮ್ಮಿಬ್ಬರ ಪ್ರಾಣ ಹಿಡಿದಿಡುತ್ತೆ, ಅದನ್ನು ಯಾರೂ ಕಣ್ಣೆತ್ತಿ ನೋಡಲ್ಲ. ಇನ್ನೊಂದು ಏಸಿ ರೂಮಿನಲ್ಲಿ ಮರದ ಪೀಠದ ಮೇಲೆ. ಯಾವ ಹುಳಿಗೂ ಬಿದ್ದಿಲ್ಲ, ಯಾರ ನಾಲಿಗೆಗೂ ತಾಗಿಲ್ಲ, ಅದಕ್ಕೆ ದೀಪ. ಮನೆಯಲ್ಲಿ ಹೆಂಗಸರೂ ಹೀಗೇ ಎರಡು ಬಗೆ ಇರುತ್ತಾರೆ ಅಂತ ಬರೆಯೋಣ ಅಂದುಕೊಂಡೆ. ಬೇಡ ಬಿಡಿ, ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಹೆಂಗಸು.

ಹೀಗೇ ಮಳೆಗಾಲ ಕಳೆದು ದಸರೆ ಬಂತು. ಆಯುಧಪೂಜೆ ಅಂದರೆ ಕಂಠಿಗೆ ಯುಗಾದಿಗಿಂತ ಹೆಚ್ಚು. ಕಾರ್ಖಾನೆಯಲ್ಲಿದ್ದಷ್ಟು ಕಾಲ ಒಂದೊಂದು ಮಿಷಿನ್ನನ್ನೂ ತೊಳೆದು, ಒರೆಸಿ, ಕುಂಕುಮ ಹಚ್ಚಿ, ಬೂದುಗುಂಬಳ ಒಡೆದವನು. ರಿಟೈರಾದ ಮೇಲೆ ಆ ಭಕ್ತಿಯೆಲ್ಲ ಸ್ಕೂಟರಿನ ಮೇಲೆ ಹೋಯಿತು. ಹಿತ್ತಲಲ್ಲಿ ಬಕೆಟು ಇಟ್ಟುಕೊಂಡು ಅದನ್ನು ತೊಳೆಯೋದು ನೋಡಿದರೆ ಎಳೇ ಮಗುವಿಗೆ ಎಣ್ಣೆನೀರು ಹಾಕಿದ ಹಾಗಿರುತ್ತಿತ್ತು. ಆದರೆ ಆ ವರ್ಷ ಕಣ್ಣು ಮಂಜಾಗಿ ಸ್ಕೂಟರ್ ಮಾರಿಬಿಟ್ಟಿದ್ದ.

ನಾನು ಬೆಳಿಗ್ಗೆಯೇ ಈಳಿಗೆಮಣೆ, ಚಾಕು, ಮಿಕ್ಸಿ, ಕತ್ತರಿ ಎಲ್ಲ ಹಿತ್ತಲಿಗೆ ತಂದಿಟ್ಟೆ. ಅವನು ಪಂಚೆ ಉಟ್ಟು, ಕೈ ಕಟ್ಟಿಕೊಂಡು, ಹಾಲಿಂದ ಹಿತ್ತಲಿಗೆ, ಹಿತ್ತಲಿಂದ ಹಾಲಿಗೆ ಓಡಾಡುತ್ತಿದ್ದ.

"ಅಕ್ಕ, ಎಲ್ಲ ನಿನ್ನವೇ. ನನ್ನದು ಅಂತ ಪೂಜೆಗೆ ಒಂದೂ ಇಲ್ವಲ್ಲ."

"ನಿನ್ನ ಕನ್ನಡಕ ಇಡು."

"ತಮಾಷೆ ಬೇಡ." ಕೆಳಗಿನ ರೂಮಿನ ಕಡೆ ನೋಡಿದ. "ಕಲ್ಲುಗಳನ್ನ ಇಡ್ತೀನಿ."

"ಅವು ಆಯುಧವೇನೋ?"

"ಮನುಷ್ಯನ ಮೊದಲನೇ ಆಯುಧವೇ ಕಲ್ಲು ಅಕ್ಕ."

"ಶೈಲಾ ಬಂದರೆ ಏನು ಹೇಳ್ತೀಯ? ಇದು ಸೈನ್ಸಾ?"

"ಇದು ಹಬ್ಬ" ಅಂದ. ಒಪ್ಪಿಕೊಂಡೆ. ಹಬ್ಬಕ್ಕೆ ಯಾರೂ ಕಾರಣ ಕೇಳಬಾರದು.

ಆಮೇಲೆ ನೋಡಬೇಕಿತ್ತು ಅವನ ಸಂಭ್ರಮ. ಟ್ರೇ ಟ್ರೇ ಕಲ್ಲು ಹಿತ್ತಲಿಗೆ ಬಂದವು. ಬ್ರೆಜಿಲು, ಕಾಂಗೋ, ಪುಣೆ, ಎಲ್ಲ ನಮ್ಮ ಒಗೆಯೋ ಕಲ್ಲಿನ ಮೇಲೆ ಸಾಲಾಗಿ ಕೂತವು. ನೀರು ತಾಗಿದರೆ ಏನೂ ಆಗದ ಕಲ್ಲುಗಳು ಯಾವುವು, ಬರೀ ಒಣಬಟ್ಟೆಯಲ್ಲಿ ಒರೆಸಬೇಕಾದ್ದು ಯಾವುವು ಅಂತ ಬೇರೆ ಬೇರೆ ಸಾಲು ಮಾಡಿದ. ಗೋಷಾದ ಕೆಂಪು ಕಲ್ಲು ಒಳಗೇ ಉಳಿಯಿತು. ಉಪ್ಪನ್ನು ಕೊನೆಯಲ್ಲಿ, ಎರಡು ಕೈಗೂ ಬಿಳಿ ಗ್ಲೌಸು ಹಾಕಿಕೊಂಡು ಹೊತ್ತು ತಂದು, ಒಂದು ತಟ್ಟೆಯಲ್ಲಿ ಬೇರೆಯಾಗಿ ಇಟ್ಟ. ಅದರ ಪೀಠಕ್ಕೆ ಮಾತ್ರ ಕುಂಕುಮ, ಅದಕ್ಕಲ್ಲ ಅಂತ ನನಗೆ ಎರಡು ಸಲ ಹೇಳಿದ. ನಾನು ಕೋಸಂಬರಿಗೆ ಬೇಳೆ ಸೋಸೋಕೆ ಒಳಗೆ ಹೋದೆ.

ಅಡಿಗೆಮನೆ ಕಿಟಕಿ ಹಿತ್ತಲಿಗೇ ಇದೆ. ಅವನು ಕೆಲಸ ಶುರು ಮಾಡಿದ. ಬಕೆಟಿಗೆ ಮುಳುಗಿಸು, ಉಜ್ಜು, ಎತ್ತು, ಒರೆಸು, ಕುಂಕುಮ ಹಚ್ಚು. ಕೈ ಓಡುತ್ತಿತ್ತು. ಕಾರ್ಖಾನೆಯ ಕೈ. ಅಷ್ಟರಲ್ಲಿ ಫೋನು ಬಂತು, ನರಹರಿರಾಯರದು. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಅವನು ಕೆಲಸ ಬಿಡದೆ ಮಾತಾಡಿದ. ಹೊಸಕೆರೆಹಳ್ಳಿಯ ಯಾರೋ ಹೊಸಬ ಒಂದು ಉಪ್ಪು ತರಿಸಿದ್ದನಂತೆ, ಅದು ಬೆವರೋಕೆ ಶುರುವಾಗಿದೆಯಂತೆ, ಏನು ಮಾಡೋದು ಅಂತ ಕೇಳುತ್ತಿದ್ದಾನಂತೆ.

"ಏನು ಮಾಡೋದು ಅಂದ್ರೆ? ಮೊದಲು ತೇವದಿಂದ ದೂರ ಇಡಬೇಕು ರಾಯರೇ" ಅಂದ ಕಂಠಿ. ಒಂದು ಕಲ್ಲು ಮುಳುಗಿಸಿದ.

"ಇಂಥವರ ಕೈಗೆಲ್ಲ ಇಂಥ ಪೀಸ್ ಯಾಕೆ ಸಿಗುತ್ತೆ ಅಂತೀನಿ." ಇನ್ನೊಂದು ಮುಳುಗಿಸಿದ.

"ನೀರಿನ ಹತ್ತಿರಕ್ಕೇ ಬಿಡಬಾರದು. ನನ್ನದು ನೋಡಿ, ಇವತ್ತಿನವರೆಗೆ ಒಂದು ಅಂಚು ಮಂಕಾಗಿಲ್ಲ. ಶಿಸ್ತು ಬೇಕು ರಾಯರೇ, ಶಿಸ್ತು."

ಹಿತ್ತಲಲ್ಲಿ ಫೋನು ಸರಿಯಾಗಿ ಕೇಳಿಸಲ್ಲ. ಮಾತು ರಂಗೇರಿದ ಹಾಗೆ ಅವನು ಎದ್ದು ಮುಂದಿನ ಗೇಟಿನವರೆಗೆ ಹೋದ. ಹೊಸಕೆರೆಹಳ್ಳಿಯವನ ಅಜ್ಞಾನದ ಬಗ್ಗೆ ಇಬ್ಬರೂ ಬಹಳ ಹೊತ್ತು ಮಾತಾಡಿದರು. ನನ್ನ ಕೋಸಂಬರಿ ಮುಗಿದು, ಪಾಯಸ ಕುದಿದು, ಒಲೆ ಆರಿಸೋವರೆಗೂ ಅವನ ದನಿ ಗೇಟಿನ ಹತ್ತಿರ ಕೇಳುತ್ತಲೇ ಇತ್ತು. ಈಳಿಗೆಮಣೆ ತೊಳೆಯೋಣ ಅಂತ ಹಿತ್ತಲಿಗೆ ಹೋಗಿ ಬಕೆಟಿಗೆ ಬಗ್ಗಿದೆ.

"ಕಂಠಿ, ಬಕೆಟಲ್ಲಿ ಬಿಳೀದು ಏನೋ ಇದೆ. ಸೋಪು ಬಿದ್ದಿದೆಯಾ?"

ಬಂದ. ಮೊದಲು ತಟ್ಟೆ ನೋಡಿದ. ತಟ್ಟೆ ಖಾಲಿ. ಆಮೇಲೆ ಬಕೆಟು ನೋಡಿದ. ಫೋನು ಇನ್ನೂ ಕಿವಿಯ ಹತ್ತಿರವೇ ಇತ್ತು, ಒಳಗಿನಿಂದ ರಾಯರು "ಹಲೋ, ಹಲೋ" ಅನ್ನುತ್ತಿದ್ದರು. ಮೊಣಕೈವರೆಗೆ ಕೈಹಾಕಿ ತೆಗೆದ. ಮದುವೆ ಛತ್ರದ ಬಚ್ಚಲಲ್ಲಿ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಎಲ್ಲ ಬಳಸಿ ಬಿಟ್ಟ ಸೋಪು ಇರುತ್ತಲ್ಲ, ಹಾಗಾಗಿತ್ತು. ಮೂಲೆಗಳೆಲ್ಲ ಗುಂಡಗೆ. ಮೈಯೆಲ್ಲ ಮಂಕು. ಕೋಟಿ ವರ್ಷ ನೆಲದಡಿ ಯಾರ ಕೈಗೂ ಸಿಗದೆ ಚೂಪಾಗಿ ಕೂತಿದ್ದದ್ದು, ಒಂದು ಪಾಯಸ ಕುದಿಯೋ ಹೊತ್ತಿನಲ್ಲಿ.

ಅವನು ಒದ್ದೆ ಬೆರಳನ್ನು ನಾಲಿಗೆಗೆ ಇಟ್ಟುಕೊಂಡು ನೋಡಿದ. ಯಾಕೆ ನೋಡಿದನೋ ಗೊತ್ತಿಲ್ಲ. ಬೇರೆ ಏನಾದರೂ ಆಗಿರಲಿ ಅಂತ ಆಸೆಯಿತ್ತೇನೋ.

"ಅಂಚು ಹೋಯ್ತು ಅಕ್ಕ" ಅಂದ.

"ಒರೆಸು. ಮೊದಲು ಒರೆಸು" ಅಂತ ಸೆರಗು ಕೊಟ್ಟೆ.

ನೀವು ಕೇಳಬಹುದು, ಆಗ ನಿಮಗೆ ಸಂತೋಷ ಆಗಲಿಲ್ಲವೇ ಅಂತ. ಇಲ್ಲ. ಅರವತ್ತೈದು ದಾಟಿದ ಗಂಡಸು ಒದ್ದೆ ಪಂಚೆಯಲ್ಲಿ ಹಿತ್ತಲಲ್ಲಿ ನಿಂತು ಉಪ್ಪಿನ ತುಂಡು ಹಿಡಿದುಕೊಂಡಿದ್ದರೆ ಸಂತೋಷ ಪಡೋಕಾಗಲ್ಲ. ನನಗೆ ಆದದ್ದು ಆಶ್ಚರ್ಯ. ಆ ಉಪ್ಪಿನ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಗೊತ್ತಿದ್ದದ್ದನ್ನೆಲ್ಲ ಬಾಯಿ ಹೇಳುತ್ತಲೇ ಇತ್ತು. ಕೈ ಮಾತ್ರ ಆ ಪಾಠಕ್ಕೆ ಕೂತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಒಂದೇ, ಆಯುಧಪೂಜೆ ದಿನ ಎದುರಿಗೆ ಇದ್ದದ್ದನ್ನು ಬಕೆಟಿಗೆ ಹಾಕೋದು.

ಪೂಜೆ ಮಾಡಿದೆವು. ಉಪ್ಪಿಗೂ ಮಾಡಿದೆವು, ಇನ್ನು ಅದಕ್ಕೇ ಕುಂಕುಮ ಹಚ್ಚಬಹುದು ಅಂತ ಅವನೇ ಹಚ್ಚಿದ. ಊಟಕ್ಕೆ ಕೂತ. ಎರಡು ತುತ್ತು ತಿಂದ. ಆಮೇಲೆ ಎಲೆಯಿಂದ ತಲೆಯೆತ್ತದೆ, "ಕೋಸಂಬರಿಗೆ ಉಪ್ಪು ಕಮ್ಮಿ ಅಕ್ಕ" ಅಂದ. ನನ್ನ ಬಾಯಿಗೆ ಬಂದದ್ದನ್ನು ನಾನು ಎಷ್ಟು ಕಷ್ಟಪಟ್ಟು ನುಂಗಿದೆ ಅನ್ನೋದು ಆ ದೇವರಿಗೇ ಗೊತ್ತು. ಎದ್ದು ಹೋಗಿ ಜಾಡಿ ತಂದು ಬಡಿಸಿದೆ.

ಸಂಜೆ ನರಹರಿರಾಯರು ಬಂದರು. ಸಾವಿನ ಮನೆಗೆ ಬರೋ ಹಾಗೆ ಚಪ್ಪಲಿ ಸದ್ದು ಮಾಡದೆ ಬಿಟ್ಟು, ತಲೆ ಬಗ್ಗಿಸಿ ಒಳಗೆ ಬಂದು ಕೂತರು. ಉಪ್ಪನ್ನು ಕೈಗೆ ತೆಗೆದುಕೊಂಡರು. ಈಗ ಬರಿಗೈಯಲ್ಲೇ. ಗಾಜಿನ ಬಿಲ್ಲೆ ಜೇಬಿಂದ ಹೊರಗೆ ಬರಲಿಲ್ಲ.

"ಹೇಗಾಯ್ತು ಶ್ರೀಕಂಠಯ್ಯನವರೇ?"

"ನಿಮ್ಮ ಜೊತೆ ಮಾತಾಡ್ತಾ ಇದ್ದಾಗಲೇ."

"ಅಯ್ಯೋ." ಉಪ್ಪನ್ನು ತಿರುಗಿಸಿ ನೋಡಿ ಮತ್ತೆ, "ಅಯ್ಯೋ."

ನಾನು ಅಡಿಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದೆ. ರಾಯರು ಸಮಾಧಾನ ಹೇಳೋಕೆ ಮಾತು ಹುಡುಕಿದರು. ಸಾವಿನ ಮನೆಯಲ್ಲಿ ಸಮಾಧಾನ ಹೇಳೋಕೆ ಹೋದವರು ಹೇಳಬಾರದ್ದನ್ನೇ ಹೇಳೋದು ರೂಢಿ, ಅವರೂ ಹೇಳಿದರು.

"ಒಂದು ಲೆಕ್ಕದಲ್ಲಿ ನಿಶ್ಚಿಂತೆ ಆಯ್ತು ಬಿಡಿ. ಇನ್ನು ಆ ಏಸಿ ಏನೂ ಬೇಕಾಗಿಲ್ಲ. ಉಳಿದವೆಲ್ಲ ಗಟ್ಟಿ ಕಲ್ಲು, ಎಲ್ಲಿಟ್ಟರೂ ಇರ್ತವೆ. ಮಹಡಿ ಮೇಲಿಟ್ಟರೂ ಏನೂ ಆಗಲ್ಲ."

ನನ್ನ ಕೈಯಲ್ಲಿದ್ದ ಚಮಚ ನಿಂತುಹೋಯಿತು. ಬಗ್ಗಿ ನೋಡಿದೆ. ಕಂಠಿ ಅಡಿಗೆಮನೆ ಬಾಗಿಲನ್ನೇ ನೋಡುತ್ತಿದ್ದ.

"ಹಾಗೇನಿಲ್ಲ ರಾಯರೇ, ಧೂಳು ಅಂತ ಒಂದಿರುತ್ತೆ..." ಅಂದ.

"ಧೂಳು ಒರೆಸಿದರೆ ಹೋಗುತ್ತಲ್ಲ" ಅಂದರು ಆ ಪುಣ್ಯಾತ್ಮರು.

ಆವತ್ತು ರಾಯರಿಗೆ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟೆ. ಎರಡನೇ ಸಲವೂ ಕೊಟ್ಟೆ. ರೂಮಿನ ವಿಷಯ ನಾನು ಎತ್ತಲಿಲ್ಲ, ಕಂಠಿಯೂ ಎತ್ತಲಿಲ್ಲ. ಕೇಳಿದರೆ ಅವನು ಬೇರೆ ಒಂದು ಕಾರಣ ಹುಡುಕುತ್ತಾನೆ, ಇಂಜಿನಿಯರು. ಕಾರಣ ಹುಡುಕೋಕೆ ಅವನಿಗೆ ಹೊತ್ತು ಕೊಡಬಾರದು ಅಂತ ನಾನು ಮೆಟ್ಟಿಲು ಹತ್ತುವಾಗಲೇ ತೀರ್ಮಾನ ಮಾಡಿದೆ.

ಮಾರನೆಯ ದಿನ ವಿಜಯದಶಮಿ. ಹೊಸ ಕೆಲಸ ಶುರು ಮಾಡೋಕೆ ಪಂಚಾಂಗ ನೋಡಬೇಕಾಗಿಲ್ಲದ ದಿನ. ಎದ್ದೆ, ಮುಖ ತೊಳೆದೆ, ಹಾಸಿಗೆಯನ್ನು ಹೊದಿಕೆ ಸಮೇತ ಬಿಗಿಯಾಗಿ ಸುತ್ತಿ ಹಳೇ ಸೀರೆಯಲ್ಲಿ ಕಟ್ಟಿದೆ. ಮೆಟ್ಟಿಲ ತುದಿಯವರೆಗೆ ಎಳೆದುಕೊಂಡು ಬಂದೆ. ಕೆಳಗೆ ಕಂಠಿ ಹಲ್ಲುಜ್ಜುತ್ತಾ ನಿಂತಿದ್ದ. ತಲೆಯೆತ್ತಿ ನನ್ನನ್ನೂ ಹಾಸಿಗೆಯನ್ನೂ ನೋಡಿದ. ಬಾಯಲ್ಲಿ ಬ್ರಷ್ಷಿತ್ತು, ಮಾತಾಡೋ ಹಾಗಿರಲಿಲ್ಲ.

"ಪಕ್ಕಕ್ಕೆ ಸರಿಯೋ" ಅಂದು, ನೋವಿಲ್ಲದ ಕಾಲಿನಿಂದ ಹಾಸಿಗೆಗೆ ಒಂದು ಒದ್ದೆ. ಹಾಸಿಗೆಗೆ ಮಂಡಿಯಿಲ್ಲ. ದಡದಡ ಇಳಿದು, ಹಾಲಿನಲ್ಲಿ ಒಂದು ಸುತ್ತು ಹೆಚ್ಚಾಗಿಯೇ ಉರುಳಿ, ರೂಮಿನ ಬಾಗಿಲಿಗೆ ಹೋಗಿ ಒರಗಿತು. ಹಿಂದೆಯೇ ದಿಂಬನ್ನೂ ಎಸೆದೆ.